ಚಿಟ್ಟೆಯ ರೆಕ್ಕೆಯಂತೆ ಸೌರಫಲಕಕ್ಕೆ ಪ್ರತಿಫಲಕಗಳನ್ನು ಜೋಡಿಸುವ ಬಗೆ

ಎಲೆಕೋಸಿನ ಬಿಳಿ ಚಿಟ್ಟೆಯು ಹಾರುವ ಮುನ್ನ ರೆಕ್ಕೆಗಳನ್ನು ‘ವಿ’ ಆಕಾರದಲ್ಲಿ ನಿಲ್ಲಿಸಿ, ಬಿಸಿಲನ್ನು ಎದೆಯ ಸ್ನಾಯುಗಳತ್ತ ತಿರುಗಿಸಿಕೊಳ್ಳುತ್ತದೆ. ಬ್ರಿಟನ್ನಿನ ಎಕ್ಸಿಟರ್ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ಪ್ರಕಟಿಸಿದಂತೆ, ರೆಕ್ಕೆಗಳು ಸುಮಾರು 17 ಡಿಗ್ರಿ ಕೋನದಲ್ಲಿದ್ದಾಗ ಅದರ ಮೈಯ ತಾಪ, ರೆಕ್ಕೆ ಚಪ್ಪಟೆಯಾಗಿ ಹರಡಿದ್ದಾಗಿನದಕ್ಕಿಂತ 7.3 ಡಿಗ್ರಿ ಸೆಲ್ಸಿಯಸ್ ಹೆಚ್ಚಿತ್ತು. ಅದೇ ರೆಕ್ಕೆಗಳನ್ನು ಸೌರಕೋಶದ ಪಕ್ಕದಲ್ಲಿ ಇರಿಸಿದಾಗ ವಿದ್ಯುತ್ತು ಶೇ. 42ರಷ್ಟು ಏರಿತು.

ಚಿಕ್ಕ ಫಲಕವೊಂದರಲ್ಲಿ ಇದನ್ನು ಅಳವಡಿಸಲು, ಫಲಕದ ಅಗಲದಷ್ಟೇ ಅಗಲವಿರುವ, ಹೊಳಪಿನ ಎರಡು ಅಲ್ಯೂಮಿನಿಯಂ ತಗಡುಗಳನ್ನು ಕತ್ತರಿಸಿಕೊಂಡು, ಫಲಕದ ಮೇಲ್ಮೈಗೂ ತಗಡಿಗೂ ನಡುವೆ 120 ಡಿಗ್ರಿ ಕೋನ ಇರುವಂತೆ ಎರಡು ಉದ್ದಂಚುಗಳಿಗೆ ಬಿಗಿಯಿರಿ. ಈ ಅಳತೆಯಲ್ಲಿ ಬೆಳಕು ಹಿಡಿಯುವ ಬಾಯಿ ಫಲಕದ ಎರಡರಷ್ಟು ಅಗಲವಾಗುತ್ತದೆ. ತಗಡಿನ ತುದಿಗೆ ಬಿದ್ದ ಕಿರಣ ಸರಿಯಾಗಿ ಎದುರಂಚನ್ನು ಮುಟ್ಟುವುದರಿಂದ ಬೆಳಕು ಫಲಕದ ಮೇಲೆ ಸಮನಾಗಿ ಹರಡುತ್ತದೆ. ಈ ಸಮತೆಯೇ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುತ್ತದೆ, ಏಕೆಂದರೆ ಸರಣಿಯಲ್ಲಿ ಜೋಡಿಸಿದ ಕೋಶಗಳಲ್ಲಿ ಒಂದು ಮಂಕಾದರೂ ಉಳಿದವುಗಳ ಉತ್ಪಾದನೆ ಕುಗ್ಗುತ್ತದೆ. ಆದ್ದರಿಂದ ತಗಡುಗಳು ಉದ್ದದಲ್ಲಿಯೂ ಫಲಕದಿಂದ ತುಸು ಹೊರಚಾಚಿರಲಿ.

ಫಲಕವೂ ತಗಡುಗಳೂ ಸೇರಿ ಆದ ಈ ತೊಟ್ಟಿಯ ಉದ್ದವನ್ನು ಪೂರ್ವ–ಪಶ್ಚಿಮವಾಗಿ ಇರಿಸಿ. ಫಲಕಕ್ಕೆ ನೇರ ಲಂಬವಾಗಿ ಒಂದು ಗುಂಡುಸೂಜಿಯನ್ನು ಹಿಡಿದು, ಮಧ್ಯಾಹ್ನ ಅದರ ನೆರಳು ಬುಡದಲ್ಲೇ ಅಡಗುವವರೆಗೆ ಓರೆಯನ್ನು ಹೊಂದಿಸಿ; ಋತು ಬದಲಾದಂತೆ ಇದನ್ನು ಮತ್ತೆ ಮಾಡಬೇಕಾಗುತ್ತದೆ.

ಶಾಖವನ್ನು ಮರೆಯಬೇಡಿ. ಸಿಲಿಕಾನ್ ಕೋಶವು 25 ಡಿಗ್ರಿಗಿಂತ ಮೇಲೆ ಪ್ರತಿ ಡಿಗ್ರಿಗೆ ಸುಮಾರು ಶೇ. 0.4ರಷ್ಟು ಶಕ್ತಿ ಕಳೆದುಕೊಳ್ಳುವುದರಿಂದ, ಫಲಕದ ಹಿಂಬದಿಯಲ್ಲಿ ಗಾಳಿಯಾಡಲು ಜಾಗ ಬಿಡಿ.