4 ಕೋಟಿ ಅಂಕಿಯ ನಂಬರು ಪ್ರೈಮ್ ಹೌದೋ ಅಲ್ವೋ ಅಂತ ಚೆಕ್ ಮಾಡೋದು ಹೇಗೆ, ಪೆನ್ನು ಪೇಪರ್ ತಗೊಳ್ಳಿ

2024ರ ಅಕ್ಟೋಬರ್‌ನಲ್ಲಿ ಲೂಕ್ ಡ್ಯುರಾಂಟ್ ಹುಡುಕಿದ ಪ್ರೈಮ್ ನಂಬರ್ ಅಂದ್ರೆ 2ರ ಘಾತ 136279841ರಲ್ಲಿ 1 ಕಳೆದ್ರೆ ಬರೋದು, ಅದರಲ್ಲಿ ಒಟ್ಟು 4,10,24,320 ಅಂಕಿ. ಇಷ್ಟು ದೊಡ್ಡದನ್ನ 3ರಿಂದ, 5ರಿಂದ, 7ರಿಂದ ಅಂತ ಭಾಗಿಸ್ತಾ ಕೂತ್ರೆ ಯಾವ ಕಾಲಕ್ಕೂ ಮುಗಿಯಲ್ಲ, ಅದಕ್ಕೇ ಕೊನೆಗೆ ಖಾತ್ರಿ ಮಾಡ್ಕೊಂಡಿದ್ದು ಲೂಕಾಸ್-ಲೆಹ್ಮರ್ ಟೆಸ್ಟ್‌ನಿಂದ, ಅಂದ್ರೆ 2ರ ಘಾತದಲ್ಲಿ 1 ಕಳೆದು ಬರೋ ಇಂಥ ನಂಬರುಗಳಿಗೆ ಮಾತ್ರ ಇರೋ ಪರೀಕ್ಷೆಯಿಂದ. ಅದೇ ಟೆಸ್ಟನ್ನ ನೀವು ಚಿಕ್ಕ ನಂಬರ್ ಮೇಲೆ ಐದು ನಿಮಿಷದಲ್ಲಿ ಮಾಡಬಹುದು.

127 ತಗೊಳ್ಳಿ, ಅದು 2ರ ಘಾತ 7ರಲ್ಲಿ 1 ಕಳೆದದ್ದು. ಮೊದಲು ಘಾತ ಪ್ರೈಮಾ ನೋಡ್ಕೊಳ್ಳಿ, 2 ಬಿಟ್ಟು ಬೇರೆ ಪ್ರೈಮ್ ಆಗಿರಬೇಕು, 7 ಸರಿಹೋಯ್ತು. ಈಗ 4ರಿಂದ ಶುರು ಮಾಡಿ, ವರ್ಗ ಮಾಡಿ 2 ಕಳೀರಿ, 127ರಿಂದ ಭಾಗಿಸಿ ಶೇಷ ಮಾತ್ರ ಇಟ್ಕೊಳ್ಳಿ, ಆ ಶೇಷಕ್ಕೆ ಮತ್ತೆ ಅದನ್ನೇ ಮಾಡಿ. ಘಾತಕ್ಕಿಂತ 2 ಕಮ್ಮಿ ಸಲ, ಅಂದ್ರೆ ಇಲ್ಲಿ 5 ಸಲ. ಕೊನೇಲಿ ಸೊನ್ನೆ ಬಂದ್ರೆ ಪ್ರೈಮ್, ಬರದಿದ್ರೆ ಅಲ್ಲ.

ಭಾಗಾಕಾರಕ್ಕೆ ಹೆದರಬೇಡಿ, ನನಗೆ ಇದರಲ್ಲಿ ತುಂಬಾ ಇಷ್ಟವಾದ ಜಾಗ ಇದೇನೇ. 128ನ್ನ 127ರಿಂದ ಭಾಗಿಸಿದ್ರೆ ಶೇಷ 1 ತಾನೇ, ಹಾಗಾಗಿ 127ರ ಬದಲು 128ರಿಂದ ಭಾಗಿಸಿ, ಭಾಗಲಬ್ಧ ಮತ್ತು ಶೇಷ ಎರಡನ್ನೂ ಕೂಡಿಸಿಬಿಡಿ, ಮೊತ್ತ 127 ಅಥವಾ ಜಾಸ್ತಿ ಬಂದ್ರೆ ಅದರಿಂದ 127 ಕಳೀರಿ, ಸಾಕು. ಕಂಪ್ಯೂಟರಿಗೆ 128ರಿಂದ ಭಾಗಿಸೋದು ಅಂದ್ರೆ ಬೈನರಿಲಿ 7 ಅಂಕಿ ಆಚೆ ತಳ್ಳೋದು ಅಷ್ಟೆ, ಭಾಗಾಕಾರವೇ ಇಲ್ಲ.

4ರ ವರ್ಗ 16, 2 ಕಳೆದ್ರೆ 14.
14ರ ವರ್ಗ 196, 2 ಕಳೆದ್ರೆ 194. ಅದರಲ್ಲಿ 128 ಒಂದು ಸಲ, ಉಳಿದದ್ದು 66, ಕೂಡಿಸಿದ್ರೆ 67.
67ರಿಂದ 4487 ಬರುತ್ತೆ, 35 ಸಲ ಹೋಗಿ 7 ಉಳೀತು, 42.
42ರಿಂದ 1762, 13 ಮತ್ತು 98, 111.
111ರಿಂದ 12319, 96 ಮತ್ತು 31, ಕೂಡಿಸಿದ್ರೆ 127, ಅಂದ್ರೆ ಸೊನ್ನೆ!

ಇದೇ ರೀತಿ 2047ಕ್ಕೆ (ಘಾತ 11) 9 ಸಲ ಮಾಡಿದ್ರೆ ಕೊನೇಲಿ 1736 ಉಳಿಯುತ್ತೆ, ಸೊನ್ನೆ ಅಲ್ಲ, ಯಾಕಂದ್ರೆ 2047 ಅಂದ್ರೆ 23 × 89. ಘಾತ ಪ್ರೈಮ್ ಆದ್ರೆ ಸಾಲದು ಅನ್ನೋದಕ್ಕೆ ಇದೇ ಮೊದಲ ಉದಾಹರಣೆ.

ಎಷ್ಟು ಅಂಕಿ ಅಂತ ತಿಳಿಯೋಕೆ ಘಾತವನ್ನ 2ರ ಲಾಗ್‌ನಿಂದ ಗುಣಿಸಿ, ದಶಾಂಶ ಬಿಟ್ಟು 1 ಕೂಡಿಸಿ. ಆದ್ರೆ ಸ್ಕೂಲಲ್ಲಿ ಕಲಿತ 0.30103 ಹಾಕಿದ್ರೆ ಡ್ಯುರಾಂಟ್ ನಂಬರಿಗೆ ಒಂದು ಅಂಕಿ ಜಾಸ್ತಿ ಬರುತ್ತೆ, 0.3010299957 ಹಾಕಿ.

ಕೊನೆಯ ಎರಡು ಅಂಕಿ ಬೇಕಾ? 2ರ ಘಾತಗಳ ಕೊನೆಯ ಎರಡು ಅಂಕಿ, 4ರಿಂದ ಮುಂದಕ್ಕೆ, ಪ್ರತಿ 20 ಘಾತಕ್ಕೊಮ್ಮೆ ತಿರುಗಿ ಬರುತ್ತೆ. 136279841ನ್ನ 20ರಿಂದ ಭಾಗಿಸಿದ್ರೆ 1 ಉಳಿಯುತ್ತೆ, 21ಕ್ಕೂ ಅಷ್ಟೇ, 2ರ ಘಾತ 21 ಅಂದ್ರೆ 2097152, ಕೊನೇಲಿ 52, 1 ಕಳೀರಿ. ಆ ನಾಲ್ಕು ಕೋಟಿ ಅಂಕಿಯ ನಂಬರು 51ರಲ್ಲಿ ಮುಗಿಯುತ್ತೆ.