ಮಾಳಿಗೆ ಮೇಲೆ ಬರೆದ ರೈಲು ಬೋಗಿ: ನನ್ನ ಅನುಭವ

ಧಾರವಾಡದ ಮಾಳಮಡ್ಡಿಯಲ್ಲಿ ನಮ್ಮ ಮನೆ. ರೈಲಿನ ಕೂಗು ದಿನಾ ಕೇಳುತ್ತದೆ. ಹೋದ ಬೇಸಿಗೆ ರಜೆಯಲ್ಲಿ ಓಣಿಯ ದೊಡ್ಡ ಮಕ್ಕಳಿಗೆ ಅಗಾಥಾ ಕ್ರಿಸ್ಟಿಯ ‘ಮರ್ಡರ್ ಆನ್ ದಿ ಓರಿಯಂಟ್ ಎಕ್ಸ್‌ಪ್ರೆಸ್’ ಕಾದಂಬರಿಯನ್ನು ಕನ್ನಡದಲ್ಲಿ ಹೇಳಿದೆ. 1934ರ ಪುಸ್ತಕ, ರೈಲಿನೊಳಗೆ ನಡೆಯುವ ಕೊಲೆಯ ಪತ್ತೇದಾರಿ ಕತೆ. ಕೈಯಲ್ಲಿ ಇಂಗ್ಲಿಷ್ ಪ್ರತಿ, ಬಾಯಲ್ಲಿ ಕನ್ನಡ.

ಮೊದಲ ಸಂಜೆ ಎಡವಿದೆ. ಪ್ರಯಾಣಿಕರ ಹೆಸರನ್ನೆಲ್ಲ ಒಂದೇ ಉಸಿರಿಗೆ ಹೇಳಿಬಿಟ್ಟೆ. ಯಾರಿಗೂ ನೆನಪು ಉಳಿಯಲಿಲ್ಲ. ಅದಕ್ಕಿಂತ ದೊಡ್ಡ ತೊಡಕು ಬೇರೆ ಇತ್ತು. ರೈಲು ಅಂದರೆ ಅವರಿಗೆ ಬೆಂಗಳೂರಿಗೆ ಹೋಗುವ ನಮ್ಮ ಸ್ಲೀಪರ್ ಬೋಗಿ. ಬರ್ತುಗಳಿಗೆ ಬಾಗಿಲಿಲ್ಲ, ಒಬ್ಬರು ಕೆಮ್ಮಿದರೆ ಆರು ಜನಕ್ಕೆ ಎಚ್ಚರ. ‘ಅಲ್ಲಿ ಕೊಲಿ ಆದ್ರ ಎಲ್ಲಾರಿಗೂ ಕಾಣಸ್ತದಲ್ಲ?’ ಅಂತ ಒಬ್ಬ ಕೇಳಿದ. ಸರಿಯಾದ ಪ್ರಶ್ನೆ, ಅಲ್ವಾ? ಬೋಗಿ ಕಣ್ಣಿಗೆ ಕಟ್ಟದಿದ್ದರೆ ಈ ಕತೆಯೇ ಇಲ್ಲ.

ಮರುದಿನ ಮಾಳಿಗೆ ಮೇಲೆ ಸೀಮೆಸುಣ್ಣದಲ್ಲಿ ಬೋಗಿ ಬರೆದೆ. ಒಂದು ಪಕ್ಕ ಉದ್ದಕ್ಕೆ ನಡೆಯುವ ದಾರಿ. ಇನ್ನೊಂದು ಪಕ್ಕ ಸಾಲಾಗಿ ಬಾಗಿಲಿರುವ ಕೋಣೆಗಳು. ದಾರಿಯ ತುದಿಗೆ ಬೋಗಿ ನೋಡಿಕೊಳ್ಳುವ ಕಂಡಕ್ಟರ್ ಕೂರುವ ಜಾಗ. 1ನೇ ಕೋಣೆಯಲ್ಲಿ ಪತ್ತೇದಾರ ಪೊಯರೋ. 2ರಲ್ಲಿ ಸಾಯುವ ರ‍್ಯಾಚೆಟ್. 3ರಲ್ಲಿ ಮಾತು ನಿಲ್ಲಿಸದ ಅಮೆರಿಕದ ಹೆಂಗಸು. 2 ಮತ್ತು 3ರ ನಡುವೆ ಒಂದು ಬಾಗಿಲು. ಹೆಸರು ಕಡಿಮೆ ಮಾಡಿದೆ: ಕರ್ನಲ್, ಮುದಿ ರಾಜಕುಮಾರಿ, ಕಾರು ಮಾರುವವ. ಒಬ್ಬೊಬ್ಬರನ್ನು ಒಂದೊಂದು ಕೋಣೆಯಲ್ಲಿ ಕೂರಿಸಿದೆ.

ಇನ್ನು ಹಿಮ. ರೈಲು ಆಗಿನ ಯುಗೊಸ್ಲಾವಿಯಾ ದೇಶದಲ್ಲಿ ಹಿಮಕ್ಕೆ ಸಿಕ್ಕಿ ನಿಲ್ಲುತ್ತದೆ. ನಮ್ಮ ಮಕ್ಕಳು ಹಿಮ ಕಂಡವರಲ್ಲ. ಅಡುಗೆಮನೆಯಿಂದ ಜೋಳದ ಹಿಟ್ಟು ತಂದು ಪರಾತದಲ್ಲಿ ಹರವಿದೆ. ‘ಬೆರಳು ಊರಿ ನೋಡು’ ಅಂದೆ. ಗುರುತು ಬಿತ್ತು. ‘ಸತ್ತವನ ಕಿಟಕಿ ತೆರೆದಿದೆ. ಕೆಳಗಿನ ಹಿಮದಲ್ಲಿ ಒಂದು ಹೆಜ್ಜೆಯೂ ಇಲ್ಲ’ ಅಂದಾಗ ಎಲ್ಲರೂ ಗಪ್ಪಾದರು. ಆಮೇಲೆ ಒಬ್ಬರನ್ನೊಬ್ಬರು ನೋಡಿದರು. ಕೊಲೆಗಾರ ಇಳಿದಿಲ್ಲ, ಈ ಬೋಗಿಯಲ್ಲೇ ಇದ್ದಾನೆ! ಆ ಗಳಿಗೆಗಾಗಿಯೇ ನಾನು ಇಷ್ಟೆಲ್ಲ ಮಾಡಿದ್ದು.

ಸತ್ತವನ ಮೈಮೇಲೆ 12 ಗಾಯ, ಕೆಲವು ಆಳ, ಕೆಲವು ಬರೀ ಗೀರು. ಒಂದೂಕಾಲಿಗೆ ನಿಂತ ಗಡಿಯಾರ. ಈ ಸುಳಿವುಗಳನ್ನು ದಿನಕ್ಕೊಂದರಂತೆ ಕೊಟ್ಟೆ. ಜಾಸ್ತಿ ಕೊಟ್ಟರೆ ಯೋಚನೆ ಮಾಡುವುದಿಲ್ಲ, ಸುಮ್ನೆ ಊಹೆ ಹೊಡೆಯುತ್ತಾರೆ.

ನಾಲ್ಕನೇ ಸಂಜೆ ಒಬ್ಬ ಹುಡುಗಿ ಎದ್ದು ಕಂಡಕ್ಟರ್ ಜಾಗದಲ್ಲಿ ಕೂತಳು. ಸುಣ್ಣದ ಗೆರೆಗಳನ್ನು ತುಂಬ ಹೊತ್ತು ನೋಡಿದಳು. ‘ಇಲ್ಲಿ ಕೂತರ ಎಲ್ಲಾ ಬಾಗಲಾನೂ ಕಾಣ್ತಾವ. ಹಂಗಾದ್ರ ಇಂವಾ ಏನೂ ನೋಡಿಲ್ಲ ಅನ್ನೋದು ಖರೇನಾ?’

ನಾನು ಹೌದು ಅನ್ನಲಿಲ್ಲ, ಅಲ್ಲ ಅಂತಲೂ ಅನ್ನಲಿಲ್ಲ. ಪುಸ್ತಕ ಮುಚ್ಚಿ, ಉಳಿದದ್ದು ನಾಳೆ ಅಂದೆ.