ಕೆಮ್ಮಣ್ಣಿನ ಟ್ರ್ಯಾಕಿಗೆ ಸ್ಟಾಕ್ ಬಗ್ಗಿ: ಸಜ್ಜು ಮಾಡುವ ಬಗೆ, ಓಡಿಸುವ ಬಗೆ

ರೇಡಿಯೊ ನಿಯಂತ್ರಿತ ಬಗ್ಗಿಗಳ, ಅಂದರೆ ಮಣ್ಣಿನ ಮೇಲೆ ಓಡುವ ಪುಟ್ಟ ಕಾರುಗಳ, ಸ್ಪರ್ಧೆಯಲ್ಲಿ ಸ್ಟಾಕ್ ದರ್ಜೆ ಎಂದರೆ ಎಲ್ಲರ ಕಾರಿಗೂ ಹೆಚ್ಚುಕಡಿಮೆ ಒಂದೇ ಮಟ್ಟದ ಶಕ್ತಿ ಇರುವಂತೆ ನಿಯಮಗಳಿಂದ ಕಟ್ಟಿಹಾಕಿದ ದರ್ಜೆ. ನಿಜವಾದ ಗಾತ್ರದ ಹತ್ತನೇ ಒಂದರಷ್ಟಿರುವ, ಹಿಂದಿನ ಎರಡು ಚಕ್ರಗಳಿಗೆ ಮಾತ್ರ ಚಾಲನೆ ಇರುವ ಬಗ್ಗಿಯಲ್ಲಿ ಸಾಮಾನ್ಯವಾಗಿ 17.5 ಸುತ್ತಿನ ಬ್ರಷ್‌ಲೆಸ್ ಮೋಟಾರು ಮತ್ತು ಎರಡು ಸೆಲ್ಲಿನ ಲಿಪೊ (ಲಿಥಿಯಂ ಪಾಲಿಮರ್) ಬ್ಯಾಟರಿ ಇರುತ್ತವೆ. ಮೋಟಾರಿನ ತಂತಿಯ ಸುತ್ತುಗಳು ಕಡಿಮೆಯಾದಷ್ಟೂ ಅದು ವೇಗವಾಗಿ ತಿರುಗುತ್ತದೆ, ಕರೆಂಟನ್ನೂ ಹೆಚ್ಚು ಎಳೆಯುತ್ತದೆ. ಆದ್ದರಿಂದಲೇ ಹೊಸಬರ ದರ್ಜೆಗೆ ಹಲವು ಕಡೆ ಇನ್ನೂ ಸೌಮ್ಯವಾದ 21.5 ಸುತ್ತಿನ ಮೋಟಾರನ್ನು ನಿಗದಿ ಮಾಡುತ್ತಾರೆ. ಮೋಟಾರಿಗೆ ಹೋಗುವ ಕರೆಂಟನ್ನು ನಿಯಂತ್ರಿಸುವ ಸ್ಪೀಡ್ ಕಂಟ್ರೋಲರನ್ನು ಟೈಮಿಂಗ್ ಸೊನ್ನೆಯಿರುವ, ಅಂದರೆ ಅದು ತಾನಾಗಿ ಮೋಟಾರಿನ ವೇಗ ಹೆಚ್ಚಿಸದ, ವಿಧಾನದಲ್ಲಿ ಇಡಬೇಕು. ಆಗ ಅದರ ದೀಪ ಮಿಟುಕುತ್ತಿರುತ್ತದೆ. ತಪಾಸಣೆ ಮಾಡುವವರು ದೂರದಿಂದಲೇ ನೋಡಿ ಒಪ್ಪಬಹುದು. ಓಡಿಸುವವರು ಇದನ್ನು ಬ್ಲಿಂಕಿ ಎನ್ನುತ್ತಾರೆ.

ಶಕ್ತಿ ಸಮವಾಗಿರುವಾಗ ಗೆಲುವು ಎಲ್ಲಿಂದ ಬರುತ್ತದೆ ಎಂಬುದನ್ನು ಮೊದಲೇ ತಿಳಿದುಕೊಂಡರೆ ಹಣವೂ ಸಮಯವೂ ಉಳಿಯುತ್ತವೆ. ತಿರುವಿನಲ್ಲಿ ಕಳೆದುಕೊಂಡ ವೇಗವನ್ನು ನೇರ ದಾರಿಯಲ್ಲಿ ಮರಳಿ ಪಡೆಯುವಷ್ಟು ಕಸುವು ಸ್ಟಾಕ್ ಮೋಟಾರಿಗೆ ಇಲ್ಲ. ಹೀಗಾಗಿ ವೇಗವನ್ನು ತಿರುವಿನುದ್ದಕ್ಕೂ ಉಳಿಸಿಕೊಳ್ಳುವ ಕಾರು, ಗಿಯರು ಬೇರಿಂಗುಗಳಲ್ಲಿ ಶಕ್ತಿ ಪೋಲಾಗದ ಕಾರು, ಮಗುಚದೆ ಓಡುವ ಕಾರು, ಇವು ಮುಂದಿರುತ್ತವೆ. ನನ್ನ ಬಳಿ ಸಲಹೆ ಕೇಳಲು ಬರುವ ಹುಡುಗರು ಮೊದಲು ಮೋಟಾರಿನ ವಿಷಯವನ್ನೇ ಎತ್ತುತ್ತಾರೆ. ನಾನು ಅವರ ಕಾರನ್ನು ಎತ್ತಿ, ಮೋಟಾರಿನ ಸ್ಕ್ರೂ ಸಡಿಲಿಸಿ ಅದನ್ನು ಗಿಯರಿನಿಂದ ದೂರ ಸರಿಸಿ, ಹಿಂಚಕ್ರವನ್ನು ಬೆರಳಿನಿಂದ ತಿರುಗಿಸಿ ನೋಡುತ್ತೇನೆ. ಹತ್ತರಲ್ಲಿ ಏಳು ಕಾರುಗಳಲ್ಲಿ ಆ ಚಕ್ರ ಅರ್ಧ ಸುತ್ತಿಗೇ ನಿಂತುಬಿಡುತ್ತದೆ.

ಇದಕ್ಕೆ ಕಾರಣ ನಮ್ಮ ಮಣ್ಣು. ಬೆಂಗಳೂರಿನ ಕೆಮ್ಮಣ್ಣು ಒಣಗಿದಾಗ ತಳದಲ್ಲಿ ಗಾರೆಯಷ್ಟು ಗಟ್ಟಿ, ಮೇಲ್ಪದರದಲ್ಲಿ ರಾಗಿ ಹಿಟ್ಟಿನಷ್ಟು ನಯ. ಆ ನಯವಾದ ಧೂಳು ಬೇರಿಂಗಿನ ಮುಚ್ಚಳದ ಸಂದಿಯಿಂದ ಒಳಗೆ ಇಳಿದು ಎಣ್ಣೆಯೊಡನೆ ಕಲಸಿಕೊಂಡು ಅಂಟಾಗುತ್ತದೆ. ಪ್ರತಿ ಓಟದ ದಿನದ ಕೊನೆಯಲ್ಲಿ ಮೆತ್ತನೆಯ ಬ್ರಷ್ಷಿನಿಂದ ಕಾರನ್ನು ಒಣಗಿರುವಾಗಲೇ ಝಾಡಿಸಿ, ಚಕ್ರಗಳನ್ನು ಕಳಚಿ, ಒಂದೊಂದೇ ಬೇರಿಂಗನ್ನು ಬೆರಳ ತುದಿಯಲ್ಲಿ ತಿರುಗಿಸಿ ನೋಡಿ. ಕರಕರ ಎನ್ನುವುದನ್ನು ತೆಗೆದು, ಮುಚ್ಚಳ ಬಿಡಿಸಿ, ಬೇರಿಂಗ್ ಕ್ಲೀನರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ, ತೆಳುವಾದ ಎಣ್ಣೆಯ ಒಂದೇ ಒಂದು ಹನಿ ಬಿಡಿ. ಎರಡನೆಯ ಹನಿ ಧೂಳಿಗೆ ಕೊಟ್ಟ ಆಹ್ವಾನ. ಕಾರಿಗೆ ನೀರು ಹಾಯಿಸುವ ಆಸೆಯನ್ನು ಬಿಡಬೇಕು, ಮಳೆಗಾಲದಲ್ಲಿ ಕೆಸರು ಮೆತ್ತಿಕೊಂಡಾಗಲೂ. ಕೆಸರು ಒಣಗಿದ ಮೇಲೆ ತಾನೇ ಉದುರುತ್ತದೆ.

ಕೊಳ್ಳುವ ವಿಷಯ ಬೇಗ ಮುಗಿಯುತ್ತದೆ. ಟಾಮಿಯಾ ಕಂಪನಿ 1979ರಲ್ಲಿ ರಫ್ ರೈಡರ್ ಬಗ್ಗಿಯನ್ನೂ ಟೀಮ್ ಅಸೋಸಿಯೇಟೆಡ್ 1984ರಲ್ಲಿ ಆರ್‌ಸಿ10 ಅನ್ನೂ ತಂದ ಮೇಲೆ ಈ ಬಗೆಯ ಕಾರುಗಳು ಬಹಳ ಪಳಗಿವೆ, ಇಂದು ಹೆಸರಾಂತ ಯಾವ ತಯಾರಕರ ಸ್ಪರ್ಧಾ ಕಿಟ್ ಕೊಂಡರೂ ನಷ್ಟವಿಲ್ಲ. ಆದರೆ ಬಿಡಿಭಾಗಗಳು ಹೊರದೇಶದಿಂದ ಬರಬೇಕು, ಸುಂಕ ಸಾಗಣೆ ಸೇರಿ ದುಬಾರಿಯಾಗುತ್ತವೆ, ವಾರಗಟ್ಟಲೆ ಕಾಯಿಸುತ್ತವೆ. ಆದ್ದರಿಂದ ನಿಮ್ಮ ಜೊತೆ ಓಡಿಸುವ ಗೆಳೆಯರ ಬಳಿ ಈಗಾಗಲೇ ಇರುವ ಕಾರನ್ನೇ ಆರಿಸಿಕೊಳ್ಳಿ. ಮುಂಚಕ್ರವನ್ನು ಹಿಡಿದಿಡುವ ಆರ್ಮ್ ಮುರಿದ ಭಾನುವಾರ ಪಕ್ಕದವರ ಡಬ್ಬಿಯಲ್ಲಿ ಅದೇ ಭಾಗ ಸಿಗುತ್ತದೆ. ಬೆಸುಗೆ ಕಡ್ಡಿ, ಕನೆಕ್ಟರು, ದಪ್ಪ ಸಿಲಿಕೋನ್ ತಂತಿ, ಮಲ್ಟಿಮೀಟರು, ಇವೆಲ್ಲ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆಯಾದ ಎಸ್.ಪಿ. ರಸ್ತೆಯಲ್ಲಿ ಒಂದೇ ಸುತ್ತಿನಲ್ಲಿ ಸಿಗುತ್ತವೆ. ಬೆಸುಗೆ ಕಡ್ಡಿ 60 ವ್ಯಾಟಿಗೆ ಕಡಿಮೆ ಬೇಡ. ದಪ್ಪ ತಂತಿಯನ್ನು ಸಣ್ಣ ಕಡ್ಡಿ ಬಿಸಿ ಮಾಡಲಾರದು, ಆಗ ಸೀಸ ಮೇಲೆ ಕೂರುತ್ತದೆಯೇ ಹೊರತು ಒಳಗೆ ಹಿಡಿಯುವುದಿಲ್ಲ.

ಈಗ ಮೋಟಾರನ್ನು ಕೂರಿಸುವ ಕೆಲಸ. ಮೋಟಾರಿನ ತುದಿಯ ಚಿಕ್ಕ ಹಲ್ಲುಚಕ್ರವನ್ನು ಪಿನಿಯನ್ ಎಂದೂ ಅದು ತಿರುಗಿಸುವ ದೊಡ್ಡದನ್ನು ಸ್ಪರ್ ಎಂದೂ ಕರೆಯುತ್ತಾರೆ. ಹಳೆಯ ದಿನಪತ್ರಿಕೆಯ ಅಂಚಿನಿಂದ ಬೆರಳಗಲದ ಪಟ್ಟಿಯೊಂದನ್ನು ಹರಿದು ಎರಡರ ನಡುವೆ ಇಟ್ಟು, ಮೋಟಾರನ್ನು ಸ್ಪರ್ ಕಡೆಗೆ ಮೆಲ್ಲಗೆ ಒತ್ತಿ, ಸ್ಕ್ರೂ ಬಿಗಿ ಮಾಡಿ, ಆಮೇಲೆ ಚಕ್ರ ತಿರುಗಿಸಿ ಪಟ್ಟಿಯನ್ನು ಹೊರಗೆ ಉರುಳಿಸಿ. ಪಟ್ಟಿಯ ಮೇಲೆ ಹಲ್ಲಿನ ಗುರುತು ಸಾಲಾಗಿ ಮೂಡಿ, ಕಾಗದ ಹರಿಯದೆ ಬಂದರೆ ಅಂತರ ಸರಿಯಾಗಿದೆ ಎಂದರ್ಥ. ನಂತರ ಪಿನಿಯನನ್ನು ಹಿಡಿದು ಸ್ಪರನ್ನು ಹಿಂದೆ ಮುಂದೆ ಅಲುಗಿಸಿದರೆ ಕೂದಲೆಳೆಯಷ್ಟು ಆಟ ಬೆರಳಿಗೆ ತಿಳಿಯಬೇಕು. ಸ್ಪರ್ ಒಂದೇ ಸಮನಾದ ವೃತ್ತವಾಗಿರುವುದು ಅಪರೂಪ, ಆದ್ದರಿಂದ ಈ ಪರೀಕ್ಷೆಯನ್ನು ಅದರ ಸುತ್ತಲೂ ನಾಲ್ಕೈದು ಕಡೆ ಮಾಡಿ, ಅತಿ ಬಿಗಿಯಾದ ಕಡೆಯಲ್ಲೂ ಆ ಆಟ ಉಳಿಯುವಂತೆ ನೋಡಿಕೊಳ್ಳಿ.

ಯಾವ ಪಿನಿಯನ್ ಹಾಕಬೇಕು ಎಂಬುದಕ್ಕೆ ಲೆಕ್ಕವಿದೆ. ಸ್ಪರ್ ಹಲ್ಲುಗಳನ್ನು ಪಿನಿಯನ್ ಹಲ್ಲುಗಳಿಂದ ಭಾಗಿಸಿ, ಗಿಯರ್ ಪೆಟ್ಟಿಗೆಯ ಒಳಗಿನ ಅನುಪಾತದಿಂದ ಗುಣಿಸಬೇಕು. ಸ್ಪರ್ 72, ಪಿನಿಯನ್ 30, ಒಳ ಅನುಪಾತ 2.6 ಎಂದಾದರೆ ಉತ್ತರ 6.24, ಅಂದರೆ ಚಕ್ರ ಒಂದು ಸುತ್ತು ತಿರುಗಲು ಮೋಟಾರು 6.24 ಸುತ್ತು ತಿರುಗುತ್ತದೆ. ಪಿನಿಯನ್ ಒಂದು ಹಲ್ಲು ಹೆಚ್ಚಾದರೆ ಇದು ಸುಮಾರು 6.04ಕ್ಕೆ ಇಳಿಯುತ್ತದೆ, ಕಾರಿನ ಕೊನೆಯ ವೇಗ ಏರುತ್ತದೆ, ಮೋಟಾರಿನ ಶಾಖವೂ ಏರುತ್ತದೆ. ಐದು ನಿಮಿಷ ಓಡಿಸಿ, ಕಾರು ಕೈಗೆ ಬಂದ ತಕ್ಷಣ ಇನ್‌ಫ್ರಾರೆಡ್ ಥರ್ಮಾಮೀಟರಿನಲ್ಲಿ ಮೋಟಾರಿನ ಬಿಸಿ ನೋಡಿ. 70 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿದ್ದರೆ ನೆಮ್ಮದಿ. 80 ದಾಟಿದರೆ ಒಂದು ಹಲ್ಲು ಕಡಿಮೆ ಮಾಡಿ, ಇಲ್ಲವೇ ಮೋಟಾರಿನ ಹಿಂಭಾಗದ ತಟ್ಟೆಯನ್ನು ತಿರುಗಿಸಿ ಮೋಟಾರಿನದೇ ಟೈಮಿಂಗ್ (ಇದು ಸ್ಪೀಡ್ ಕಂಟ್ರೋಲರಿನ ಟೈಮಿಂಗಿನಿಂದ ಬೇರೆ) ಇಳಿಸಿ, ಏಕೆಂದರೆ ಅತಿಯಾದ ಬಿಸಿಯಲ್ಲಿ ರೋಟರಿನ ಅಯಸ್ಕಾಂತ ತನ್ನ ಬಲವನ್ನು ಶಾಶ್ವತವಾಗಿ ಕಳೆದುಕೊಳ್ಳುತ್ತದೆ. ನನ್ನ ಮೊದಲ ಮೋಟಾರನ್ನು ಒಂದು ಏಪ್ರಿಲ್ ಮಧ್ಯಾಹ್ನ ಹೀಗೆಯೇ ಕಳೆದುಕೊಂಡೆ. ಆ ದಿನದಿಂದ ಥರ್ಮಾಮೀಟರು ಇಲ್ಲದೆ ಮನೆ ಬಿಟ್ಟಿಲ್ಲ.

ಹಿಂದಿನ ಡಿಫರೆನ್ಶಿಯಲ್ (ತಿರುವಿನಲ್ಲಿ ಎರಡು ಹಿಂಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಭಾಗ) ಗುಂಡುಗಳದ್ದಾಗಿದ್ದರೆ ಗುಂಡುಗಳಿಗೆ ಸಿಲಿಕೋನ್ ಗ್ರೀಸು, ಒತ್ತಡದ ಬೇರಿಂಗಿಗೆ ಕಪ್ಪು ಗ್ರೀಸು ಎಂಬ ವ್ಯತ್ಯಾಸವನ್ನು ಮರೆಯಬಾರದು. ಒಂದು ಹಿಂಚಕ್ರವನ್ನೂ ಸ್ಪರನ್ನೂ ಬಿಗಿಯಾಗಿ ಹಿಡಿದು ಇನ್ನೊಂದು ಚಕ್ರವನ್ನು ತಿರುಗಿಸಲು ನೋಡಿ. ಸುಲಭವಾಗಿ ಜಾರಿದರೆ ಸ್ಕ್ರೂವನ್ನು ಕಾಲು ಸುತ್ತಿಗೂ ಕಡಿಮೆ ಬಿಗಿ ಮಾಡಿ ಮತ್ತೆ ಪರೀಕ್ಷಿಸಿ. ಹಠಾತ್ ಹೊಡೆತ ಬಿದ್ದಾಗ ಜಾರಿ ಗಿಯರುಗಳನ್ನು ಕಾಪಾಡುವ ಸ್ಲಿಪ್ಪರ್ ಕ್ಲಚ್ ಇರುವ ಕಾರಿನಲ್ಲಿ ಜಾರುವ ಸರದಿ ಯಾವಾಗಲೂ ಕ್ಲಚ್ಚಿನದೇ ಮೊದಲಾಗಬೇಕು. ಡಿಫರೆನ್ಶಿಯಲ್ ಮೊದಲು ಜಾರಿದರೆ ಅದರ ಉಂಗುರಗಳಲ್ಲಿ ಗೀರು ಬಿದ್ದು ಒಂದೇ ದಿನದಲ್ಲಿ ಹಾಳಾಗುತ್ತದೆ.

ಸಸ್ಪೆನ್ಷನ್ ವಿಷಯದಲ್ಲಿ ಕಿಟ್ಟಿನ ಪುಸ್ತಕದಲ್ಲಿರುವ ಅಳತೆಗಳಿಂದಲೇ ಆರಂಭಿಸಿ. ಬ್ಯಾಟರಿ, ಬಾಡಿ ಸಮೇತ ಕಾರನ್ನು ಸಮತಟ್ಟಾದ ಕಲ್ಲಿನ ಮೇಲೆ ಅಂಗೈ ಎತ್ತರದಿಂದ ಬೀಳಬಿಟ್ಟು, ನಿಂತ ಮೇಲೆ ತಳದಿಂದ ನೆಲಕ್ಕಿರುವ ಎತ್ತರ ಅಳೆಯಿರಿ. ಒರಟು ಮಣ್ಣಿಗೆ 22ರಿಂದ 24 ಮಿಲಿಮೀಟರ್ ಒಳ್ಳೆಯ ಆರಂಭ. ಚಕ್ರದ ಮೇಲ್ತುದಿ ಒಂದು ಡಿಗ್ರಿಯಷ್ಟು ಒಳಕ್ಕೆ ವಾಲಿರಲಿ, ಹಿಂಚಕ್ರಗಳ ಮೂತಿ ಸುಮಾರು ಮೂರು ಡಿಗ್ರಿ ಒಳಮುಖವಾಗಿರಲಿ. ಈ ಎರಡನೆಯದು ಹಿಂದಿನ ಭಾಗವನ್ನು ನೇರ ದಾರಿಯಲ್ಲಿ ಹಿಡಿದಿಡುತ್ತದೆ. ಶಾಕ್ ಅಬ್ಸಾರ್ಬರಿನ ಎಣ್ಣೆ ಡಿಸೆಂಬರಿನ ಮುಂಜಾನೆ ಮಂದವಾಗುತ್ತದೆ, ಬೇಸಿಗೆಯ ಮಧ್ಯಾಹ್ನ ತೆಳುವಾಗುತ್ತದೆ. ಬೆಳಗ್ಗೆ ಚೆನ್ನಾಗಿದ್ದ ಕಾರು ಹನ್ನೆರಡು ಗಂಟೆಗೆ ಜಿಗಿತದ ನಂತರ ಪುಟಿಯತೊಡಗಿದರೆ ಸ್ಪ್ರಿಂಗ್ ಬದಲಿಸುವ ಮೊದಲು ಎಣ್ಣೆಯನ್ನು ಒಂದು ಮೆಟ್ಟಿಲು ದಪ್ಪ ಮಾಡಿ ನೋಡಿ. ಹಿಂದೆ ಹಿಡಿತ ಸಾಲದೆ ಕಾರು ಸುತ್ತಿಕೊಳ್ಳುತ್ತಿದ್ದರೆ ಬ್ಯಾಟರಿಯನ್ನು ಹಿಂದಕ್ಕೆ ಸರಿಸಿ. ತಿರುಗಲು ಹಟ ಮಾಡುತ್ತಿದ್ದರೆ ಮುಂದಕ್ಕೆ. ಒಂದು ಸಲಕ್ಕೆ ಒಂದೇ ಬದಲಾವಣೆ. ಎರಡು ಮಾಡಿದರೆ ಯಾವುದರಿಂದ ಏನಾಯಿತೆಂದು ಯಾರೂ ಹೇಳಲಾರರು.

ಇಷ್ಟೆಲ್ಲ ಮಾಡಿಯೂ ಟೈರು ತಪ್ಪಿದರೆ ಉಳಿದದ್ದೆಲ್ಲ ವ್ಯರ್ಥ, ಆದ್ದರಿಂದ ಟೈರಿಗೆ ನಾನು ಉಳಿದೆಲ್ಲಕ್ಕಿಂತ ಹೆಚ್ಚು ಸಮಯ ಕೊಡುತ್ತೇನೆ. ಮಳೆ ನಿಂತ ಮರುದಿನ, ಮಣ್ಣು ತೇವವಾಗಿಯೂ ಮೆತ್ತಗೂ ಇರುವಾಗ, ಉದ್ದನೆಯ ಮುಳ್ಳುಗಳ ಟೈರು ನೆಲದೊಳಗೆ ಇಳಿದು ಹಿಡಿಯುತ್ತದೆ. ವಾರ ಕಳೆದು ಧೂಳು ಪಕ್ಕಕ್ಕೆ ಹಾರಿ, ಕಾರುಗಳು ಓಡಿದ ಜಾಡು ಕಪ್ಪಾಗಿ ಹೊಳೆಯತೊಡಗಿದಾಗ ಅದೇ ಮುಳ್ಳುಗಳು ಮೇಲೆಯೇ ನಿಂತು ಬಾಗುತ್ತವೆ, ಕಾರು ತೇಲುತ್ತದೆ. ಆಗ ಗಿಡ್ಡ ಮುಳ್ಳುಗಳ, ಮೃದುವಾದ ರಬ್ಬರಿನ ಟೈರು ಬೇಕು. ಟೈರನ್ನು ರಿಮ್ಮಿಗೆ ಅಂಟಿಸುವ ಮೊದಲು ಅದರ ಅಂಚನ್ನೂ ರಿಮ್ಮಿನ ತೋಡನ್ನೂ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಿ, ಅಚ್ಚಿನಿಂದ ಬಂದ ಜಿಡ್ಡು ಹೋಗಬೇಕು. ಒಳಗಿನ ಸ್ಪಂಜು ಎಲ್ಲೂ ಮಡಿಸಿಕೊಂಡಿಲ್ಲವೆಂದು ಬೆರಳಿನಿಂದ ಸುತ್ತಲೂ ಒತ್ತಿ ಖಚಿತಪಡಿಸಿಕೊಂಡು, ಅಂಚನ್ನು ಸ್ವಲ್ಪ ಎಳೆದು, ನಾಲ್ಕು ದಿಕ್ಕಿಗೆ ತೆಳು ಸೂಪರ್ ಗ್ಲೂವಿನ ಒಂದೊಂದು ಹನಿ ಬಿಟ್ಟು, ಹಿಡಿದ ಮೇಲೆ ನಡುವಿನ ಜಾಗಗಳನ್ನು ತುಂಬಿ. ಮರುದಿನ ಹೆಬ್ಬೆರಳಿನಿಂದ ಅಂಚನ್ನು ಗಟ್ಟಿಯಾಗಿ ತಳ್ಳಿ ನೋಡಿ. ಬಿಚ್ಚುವುದಾದರೆ ಮನೆಯಲ್ಲೇ ಬಿಚ್ಚಲಿ.

ಬ್ಯಾಟರಿ ಮಾತ್ರ ಭಯಭಕ್ತಿಯಿಂದ ನಡೆಸಿಕೊಳ್ಳಬೇಕಾದ ವಸ್ತು. ಎರಡು ಸೆಲ್ಲಿನ ಲಿಪೊ ಪೂರ್ತಿ ತುಂಬಿದಾಗ 8.4 ವೋಲ್ಟ್, ಅದರ ಮೇಲೆ ಒಂದು ಎಳೆಯಷ್ಟೂ ಬೇಡ. 5000 ಮಿಲಿಆಂಪ್ ಗಂಟೆಯ ಬ್ಯಾಟರಿಗೆ 5 ಆಂಪಿಯರಿನಲ್ಲಿ, ಎರಡೂ ಸೆಲ್ಲುಗಳು ಸಮವಾಗಿ ತುಂಬುವಂತೆ ನೋಡಿಕೊಳ್ಳುವ ಬ್ಯಾಲೆನ್ಸ್ ತಂತಿ ಸಿಕ್ಕಿಸಿಯೇ ಚಾರ್ಜ್ ಮಾಡಿ. ಸೆಲ್ ಒಂದಕ್ಕೆ 3.2 ವೋಲ್ಟಿಗೆ ಇಳಿಯುವ ಮೊದಲೇ ನಿಲ್ಲಿಸುವಂತೆ ಸ್ಪೀಡ್ ಕಂಟ್ರೋಲರನ್ನು ಹೊಂದಿಸಿ. ಚಾರ್ಜ್ ಆಗುವಾಗ ಪಕ್ಕದಲ್ಲೇ ಇರಿ, ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಬಿಟ್ಟು ಹೋಗಬೇಡಿ, ಊದಿಕೊಂಡದ್ದನ್ನು ಮತ್ತೆ ಬಳಸಬೇಡಿ.

ಅಭ್ಯಾಸಕ್ಕೆ ದೊಡ್ಡ ಟ್ರ್ಯಾಕ್ ಬೇಕಿಲ್ಲ. ಮಾಲೀಕರ ಒಪ್ಪಿಗೆ ಪಡೆದ ಒಂದು ಖಾಲಿ ನಿವೇಶನ, ಎರಡು ನೀರಿನ ಬಾಟಲಿ ಸಾಕು. ಅವುಗಳ ಸುತ್ತ ಎಂಟರ ಆಕಾರದಲ್ಲಿ ಓಡಿಸುತ್ತಾ, ಕಾರು ನಿಮ್ಮ ಕಡೆಗೆ ಬರುವಾಗ ಸ್ಟಿಯರಿಂಗ್ ತಿರುವುಮುರುವಾಗುವುದಕ್ಕೆ ಕೈ ಒಗ್ಗುವವರೆಗೆ ಬಿಡಬೇಡಿ. ಜಿಗಿತದಲ್ಲಿ ಮೂತಿ ಮೇಲೆದ್ದರೆ ಗಾಳಿಯಲ್ಲಿರುವಾಗಲೇ ಬ್ರೇಕ್ ತಟ್ಟಿ, ಅದು ಕೆಳಗೆ ಬಾಗುತ್ತದೆ. ಮೂತಿ ಕುಸಿದರೆ ಆಕ್ಸಿಲರೇಟರ್ ಕೊಡಿ, ಆದರೆ ನೆಲ ಮುಟ್ಟುವಾಗ ಚಕ್ರ ಜೋರಾಗಿ ತಿರುಗುತ್ತಿರದಂತೆ ನೋಡಿಕೊಳ್ಳಿ.

ಓಟದ ದಿನ ಸಾಮಾನ್ಯವಾಗಿ ಐದೈದು ನಿಮಿಷದ ಅರ್ಹತಾ ಸುತ್ತುಗಳಿರುತ್ತವೆ. ಕಾರುಗಳು ಒಂದೊಂದಾಗಿ ಹೊರಡುತ್ತವೆ. ಕಾರಿನೊಳಗಿನ ಟ್ರಾನ್ಸ್‌ಪಾಂಡರ್ (ಕಾರನ್ನು ಗುರುತಿಸುವ ಪುಟ್ಟ ಸಾಧನ) ಗೆರೆ ದಾಟಿದಾಗ ಆಯಾ ಕಾರಿನ ಗಡಿಯಾರ ಶುರುವಾಗುತ್ತದೆ, ಆದ್ದರಿಂದ ಇಲ್ಲಿ ಪೈಪೋಟಿ ಸಮಯದ ಜೊತೆಗೆ ಮಾತ್ರ. ಹಿಂದಿನವರು ವೇಗವಾಗಿ ಬಂದರೆ ದಾರಿ ಬಿಡಿ. ಹದಿನೈದು ಲ್ಯಾಪಿನ ಓಟದಲ್ಲಿ ಪ್ರತಿ ಲ್ಯಾಪಿಗೆ 0.3 ಸೆಕೆಂಡ್ ನಿಧಾನವಾಗಿ ಓಡಿದರೆ ಕಳೆದುಕೊಳ್ಳುವುದು 4.5 ಸೆಕೆಂಡ್, ಒಮ್ಮೆ ಮಗುಚಿ, ಮಾರ್ಷಲ್ ಓಡಿಬಂದು ಎತ್ತಿಡುವಷ್ಟರಲ್ಲಿ ಅಷ್ಟೇ ಹೊತ್ತು ಹೋಗುತ್ತದೆ. ಕಳೆದ ಬೇಸಿಗೆಯಲ್ಲಿ ನಮ್ಮ ಬೀದಿಯ ಹುಡುಗನೊಬ್ಬ ಎಲ್ಲರಿಗಿಂತ ವೇಗದ ಲ್ಯಾಪ್ ಓಡಿಸಿದ; ಮೂರು ಸಲ ಮಗುಚಿದ್ದರಿಂದ ಆರನೆಯವನಾಗಿ ನಿಂತ. ಮುಂದಿನ ಸುತ್ತಿಗೆ ಅವನ ರಿಮೋಟಿನಲ್ಲಿ ಆಕ್ಸಿಲರೇಟರಿನ ಎಂಡ್‌ಪಾಯಿಂಟನ್ನು (ಅದು ಕೊಡುವ ಗರಿಷ್ಠ ಶಕ್ತಿಯ ಮಿತಿಯನ್ನು) ಶೇಕಡಾ 85ಕ್ಕೆ ಇಳಿಸಿಕೊಟ್ಟೆ. ಒಮ್ಮೆಯೂ ಮಗುಚದೆ ಎರಡನೆಯವನಾದ.

ನಿಮ್ಮ ಓಟ ಮುಗಿದ ಕೂಡಲೇ ಮುಂದಿನ ಗುಂಪಿಗೆ ಮಾರ್ಷಲ್ ಆಗಿ ನಿಲ್ಲುವುದು ನಿಮ್ಮ ಪಾಳಿ. ಗಟ್ಟಿಯಾದ ಬೂಟು ಹಾಕಿಕೊಂಡು, ಫೋನನ್ನು ಜೇಬಿನಲ್ಲಿಟ್ಟು, ಎದುರಿಗೆ ಬರುವ ಕಾರುಗಳನ್ನು ನೋಡಿಕೊಂಡೇ ಟ್ರ್ಯಾಕಿಗೆ ಇಳಿಯಿರಿ. ಮಗುಚಿದ ಕಾರನ್ನು ಅದು ಹೊರಟಿದ್ದ ದಿಕ್ಕಿಗೇ ಮುಖ ಮಾಡಿ ಇಡಿ.

ಮನೆಗೆ ಬಂದ ಮೇಲೆ ಎರಡು ಕೆಲಸ ಬಾಕಿಯಿರುತ್ತವೆ. ಬ್ಯಾಟರಿಯನ್ನು ಸೆಲ್ಲಿಗೆ 3.8 ವೋಲ್ಟಿನ ಶೇಖರಣಾ ಮಟ್ಟಕ್ಕೆ ತಂದು ತಂಪಾದ ಕಡೆ ಇಡಿ. ಆಮೇಲೆ ಒಂದು ನೋಟ್‌ಬುಕ್ಕಿನಲ್ಲಿ ಆ ದಿನದ ಮಣ್ಣು ಹೇಗಿತ್ತು, ಟೈರು ಯಾವುದು, ಪಿನಿಯನ್ ಎಷ್ಟು ಹಲ್ಲಿನದು, ಎಣ್ಣೆ ಎಷ್ಟು ದಪ್ಪ, ಮೋಟಾರಿನ ಬಿಸಿ ಎಷ್ಟು ಎಂದು ತಾರೀಕು ಹಾಕಿ ಬರೆಯಿರಿ, ಧೂಳಾದ ಕಾರನ್ನು ಝಾಡಿಸುವ ಮೊದಲೇ, ನೆನಪು ಹಸಿಯಾಗಿರುವಾಗ.